ಖಾಲಿ ಮರ

ಬೊಗಳುವ ನಾಯಿ ಕಚ್ಚದು ಅಂತಾರೆ.
ನನ್ನ ಟ್ಯಾನ್ಸಿ ಬೊಗಳುವುದೂ ಇಲ್ಲ.

ಹತ್ತು ತಿಂಗಳ ಹೆಣ್ಣು, ಮೈತುಂಬ ನೀಲಿ ಚುಕ್ಕಿ,
ನೆಲ ಗುಡಿಸುವ ಕಿವಿ.
ಕೊಡುವಾಗಲೇ ಹೋಬರ್ಟ್ ಹೇಳಿದ್ದ:
"ಇದರ ತಾಯಿ ಹುಲಿ ಕಣಯ್ಯ, ಅಪ್ಪನೂ ಹುಲಿ.
ಇದು ಮಾತ್ರ ತನ್ನ ಬಾಲಕ್ಕೇ ಹೆದರುತ್ತೆ.
ದುಡ್ಡು ಬೇಡ, ತಗೊಂಡು ಹೋಗು."

ಹೆದರುತ್ತಿತ್ತು, ನಿಜ.
ಬಕೆಟ್ ಉರುಳಿದರೆ, ಪಿಕಪ್ಪಿನ ಬಾಗಿಲು ಹಾಕಿದರೆ,
ನೆಲ್ಡಾ ಒಣಹಾಕಿದ ಬೆಡ್‌ಶೀಟು ಗಾಳಿಗೆ ಉಬ್ಬಿದರೆ
ವರಾಂಡದ ಹಲಗೆಗಳ ಕೆಳಗೆ ನುಸುಳಿ
ಸಂಜೆಯ ತನಕ ನಾಪತ್ತೆ.
ಬಂದೂಕಿನ ಮಾತು ದೂರವೇ ಉಳಿಯಿತು.

ನಾನು ಕೆಂಟಕಿಯ ಈ ಗುಡ್ಡಗಳಲ್ಲಿ
ಮೂವತ್ತೊಂದು ವರ್ಷ ಮರ ಕೊಯ್ದವನು.
ಎಡಗೈಯಲ್ಲಿ ಉಳಿದದ್ದು ಮೂರು ಬೆರಳು.
ಗಾಯ ಮಾಗಿ, ಆ ಗರಗಸದೆದುರು ಮತ್ತೆ ನಿಂತ ದಿನ
ನನ್ನ ಮೊಣಕಾಲು ಏನು ಮಾಡಿತೆಂದು
ಯಾರಿಗೂ ಹೇಳಿರಲಿಲ್ಲ.
ಟ್ಯಾನ್ಸಿಗೆ ಹೇಳಿದೆ.

ಅದರ ಊಟದ ಹೊತ್ತಿಗೆ ತಟ್ಟೆ ಬಡಿದೆ.
ಏಪ್ರಿಲ್‌ನಲ್ಲಿ ಕೊಟ್ಟಿಗೆಯಾಚೆ, ಮೆಲ್ಲಗೆ;
ಜೂನ್ ಹೊತ್ತಿಗೆ ಮೆಟ್ಟಿಲ ಮೇಲೆ, ಜೋರಾಗಿ.
ತಿನ್ನುವುದ ನಿಲ್ಲಿಸಲಿಲ್ಲ ಅದು,
ಒಂದು ಕಣ್ಣು ಮಾತ್ರ ನನ್ನ ಮೇಲೆ.

ರಕೂನ್ ತೊಗಲೊಂದ ಹಗ್ಗಕ್ಕೆ ಕಟ್ಟಿ
ಹುಲ್ಲಿನಲ್ಲೆಳೆದು, ಬೇಲಿ ಹಾಯಿಸಿ
ಮೇಪಲ್ ಕೊಂಬೆಗೆ ತೂಗುಹಾಕಿದೆ.
ಮೂಗು ಓದಿತು.
ಒಂದಕ್ಷರವನ್ನೂ ಬಿಡದೆ ಓದಿತು.
ಬುಡಕ್ಕೆ ಬಂದು, ಮೇಲೆ ನೋಡಿ,
ಸುಮ್ಮನೆ ಕೂತಿತು,
ಉತ್ತರ ಗೊತ್ತಿದ್ದೂ ಕೈಯೆತ್ತದ
ಕೊನೆ ಬೆಂಚಿನ ಹುಡುಗಿಯ ಹಾಗೆ.

ಅಕ್ಟೋಬರ್ ಪೂರ್ತಿ ರಾತ್ರಿ ರಾತ್ರಿ
ಹೋಬರ್ಟನ ಮುದಿ ಬ್ರಿಗ್ಸ್ ಜೊತೆ ಬಿಟ್ಟೆವು.
ಜಾಡಿನಲ್ಲಿ ಅವನ ಕೂಗು ನೀಳ,
ಮರದಡಿ ಕೊಡಲಿಯೇಟಿನಂತೆ ತುಂಡು ತುಂಡು.
ಟ್ಯಾನ್ಸಿ ಇದನ್ನೆಲ್ಲ
ನನ್ನ ಬೂಟಿನ ಹಿಂದೆ ನಿಂತು ಕೇಳಿತು.

ನವೆಂಬರ್. ಬ್ರಿಗ್ಸ್‌ಗೆ ಕಾಲುನೋವು, ಬಂದಿರಲಿಲ್ಲ.
ಹೋಬರ್ಟ್ ಸಿಗರೇಟು ಹಚ್ಚುವಷ್ಟರಲ್ಲಿ
ಬೂಟಿನ ಹಿಂದೆ ಯಾರೂ ಇಲ್ಲ.
ಹಳ್ಳದಲ್ಲಿ ನೀರು ಸೀಳಿದ ಸದ್ದು
(ನೀರೆಂದರೂ ಹೆದರಿಕೆ ಅದಕ್ಕೆ),
ಆಮೇಲೆ ಏನೂ ಇಲ್ಲ.
ಆಮೇಲೆ,
ವರ್ಷಗಟ್ಟಲೆ ಎಣ್ಣೆ ಕಾಣದ ಬಾಗಿಲು
ಕಿರುಗುಟ್ಟಿ ತೆರೆದ ಹಾಗೆ ಒಂದು ದನಿ.
ಮತ್ತೊಂದು. ಆಮೇಲೆ ಗುಡ್ಡಕ್ಕೆ ಗುಡ್ಡವೇ ಬಾಯ್ದೆರೆಯಿತು.

ಓಡಿದೆವು. ಬೋಳು ಸಿಕಮೋರ್ ಮರ,
ಎರಡು ಕಾಲು ಕಾಂಡಕ್ಕೊತ್ತಿ ನಿಂತಿದೆ ನನ್ನ ಹುಡುಗಿ.
ಟಾರ್ಚು ಬಿಟ್ಟೆವು: ಕೊಂಬೆ, ನಕ್ಷತ್ರ, ಕೊಂಬೆ.
ಹೊಳೆಯುವ ಕಣ್ಣು ಒಂದೂ ಇಲ್ಲ.

"ಸುಳ್ಳು ಹೇಳ್ತಿದೆ," ಅಂದ ಹೋಬರ್ಟ್.
"ಖಾಲಿ ಮರಕ್ಕೆ ಶಭಾಷ್ ಅಂದೆಯೋ,
ಸಾಯೋವರೆಗೂ ಸುಳ್ಳೇ. ಎಳಕೊಂಡು ಬಾ."

ಹೊಗಳಿದರೆ ಸುಳ್ಳಿಗೆ ಸಂಬಳ.
ಗದರಿದರೆ ಈ ಗಂಟಲು ಇನ್ನು ತೆರೆಯದು.
ನಾನು ಎರಡನ್ನೂ ಮಾಡದೆ ಕೊರಳಿಗೆ ಹಗ್ಗ ಸಿಕ್ಕಿಸಿ
ನಡೆದೆ. ದಾರಿಯುದ್ದಕ್ಕೂ
ಅದು ತಿರುಗಿ ತಿರುಗಿ ಮರ ನೋಡಿತು,
ನಡುವೆ ನನ್ನ ಮುಖವನ್ನೂ.

ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ
ಒಬ್ಬನೇ ಹೋದೆ, ಕಾಫಿ ಫ್ಲಾಸ್ಕು ಹಿಡಿದು.
ಮರವ ಒಂದು ಸುತ್ತು ಹಾಕಿದೆ.
ನಾವು ನಿಲ್ಲದೇ ಹೋದ ಮಗ್ಗುಲಲ್ಲಿ,
ನಲವತ್ತಡಿ ಮೇಲೆ, ಊಟದ ತಟ್ಟೆಯಗಲ ಒಂದು ಪೊಟರೆ,
ಓಡಾಡಿ ಸವೆದು ನುಣುಪಾದ ಅಂಚು,
ಅಂಚಿಗೆ ಸಿಕ್ಕಿ ಗಾಳಿಗಾಡುವ
ಬೂದು ಕೂದಲು ನಾಲ್ಕೈದು.

ಮನೆಗೆ ಬಂದಾಗ ಟ್ಯಾನ್ಸಿ ವರಾಂಡದಡಿ.
ಹೊಟ್ಟೆ ಮೇಲೆ ಮಲಗಿ ತಲೆ ತೂರಿಸಿದೆ.
ಭುಜ ಹಿಡಿಸಲಿಲ್ಲ.
"ನೀ ಹೇಳಿದ್ದು ನಿಜ," ಅಂದೆ ಕತ್ತಲಿಗೆ.
"ಯಾರ ಜೊತೆ ಮಾತು?" ಮೇಲಿಂದ ನೆಲ್ಡಾ.
ನಾಯಿಗೆ ನಿನ್ನೆ ಎಂಬುದಿಲ್ಲ ಅಂತಾರೆ ತಿಳಿದವರು;
ಇರಲಿ, ಜೋಳದ ಬ್ರೆಡ್ಡನ್ನೂ ಚಾಚಿದೆ.
ತಾಸಾದ ಮೇಲೆ ಹೊರಬಂತು,
ಬ್ರೆಡ್ಡಿಗೋ, ಮಾತಿಗೋ, ನಾನರಿಯೆ.

ಸಂಜೆ ನೆಲ್ಡಾಳ ಕೈಜಾರಿ ಬಕೆಟ್ ಉರುಳಿತು.
ಟ್ಯಾನ್ಸಿ ಬೆಚ್ಚಿತು, ನಾಲ್ಕು ಹೆಜ್ಜೆ ಓಡಿತು,
ನಿಂತಿತು, ತಿರುಗಿತು,
ಬಕೆಟ್ಟಿಗೆ ಒಂದೇ ಒಂದು ಸಲ
ಬೊಗಳಿತು.